ವಿದ್ಯುತ್ತಿನಿಂದ ನೂಲುವ ಕಲೆಯ ಚರಿತ್ರೆ

ನೂಲುವುದೆಂದರೆ ಸೆಳೆಯುವುದು. ರಾಟೆಯಲ್ಲಾಗಲಿ ಗಿರಣಿಯಲ್ಲಾಗಲಿ ಎಳೆಯ ತುದಿಯನ್ನು ಹಿಡಿದು ಸೆಳೆಯುವ ಒಂದು ಕೈಯೋ ಒಂದು ಉರುಳೆಯೋ ಇರಲೇಬೇಕೆಂಬುದು ಲೋಕರೂಢಿ. ಈ ರೂಢಿಗೆ ಹೊರತಾದ ನೂಲುವಿಕೆಯೊಂದುಂಟು. ಮಂದವಾದ ಪಾಲಿಮರ್ ದ್ರಾವಣವನ್ನು ಸೂಜಿಯಂತಹ ಸಣ್ಣ ನಳಿಗೆಯಲ್ಲಿ ತುಂಬಿ, ಅದಕ್ಕೆ ಹತ್ತರಿಂದ ಮೂವತ್ತು ಸಾವಿರ ವೋಲ್ಟುಗಳ ವಿದ್ಯುತ್ತನ್ನು ಕೊಟ್ಟು, ಕೆಲವು ಅಂಗುಲಗಳ ದೂರದಲ್ಲಿ ಒಂದು ಲೋಹದ ತಗಡನ್ನು ನಿಲ್ಲಿಸಿದರೆ, ನಳಿಗೆಯ ತುದಿಯ ಹನಿಯು ಮೊದಲು ಶಂಕುವಿನ ಆಕಾರವನ್ನು ತಾಳುತ್ತದೆ. ಬಳಿಕ ಆ ಶಂಕುವಿನ ಮೊನೆಯಿಂದ ಒಂದು ಸಣ್ಣ ಧಾರೆ ಚಿಮ್ಮುತ್ತದೆ. ಧಾರೆಯು ಗಾಳಿಯಲ್ಲಿ ಸಾಗುತ್ತಿರುವಾಗಲೇ ದ್ರಾವಕವು ಆರಿಹೋಗಿ, ತಗಡಿನ ಮೇಲೆ ಬೀಳುವುದು ಒಣಗಿದ ಎಳೆ. ಯಾರೂ ಅದನ್ನು ಮುಟ್ಟಿ ಸೆಳೆದುದಿಲ್ಲ. ಅದರ ಮೈಮೇಲಿನ ವಿದ್ಯುದಾವೇಶವೇ ಅದನ್ನು ಹಿಗ್ಗಿಸಿ ತೆಳ್ಳಗೆ ಮಾಡಿರುತ್ತದೆ.

ಹೀಗೆ ಹುಟ್ಟಿದ ಎಳೆಗಳ ದಪ್ಪವನ್ನು ನ್ಯಾನೋಮೀಟರುಗಳಲ್ಲಿ ಅಳೆಯುತ್ತಾರೆ. ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೋಮೀಟರು. ಗ್ರೀಕ್ ಭಾಷೆಯಲ್ಲಿ 'ನಾನೊಸ್' ಎಂದರೆ ಕುಳ್ಳನು; ಈ ಪೂರ್ವಪದವು ಅಂತರರಾಷ್ಟ್ರೀಯ ಮಾನಪದ್ಧತಿಯಲ್ಲಿ ಅಧಿಕೃತವಾಗಿ ಸೇರಿದುದು ೧೯೬೦ರಲ್ಲಿ. ತಲೆಗೂದಲಿನ ದಪ್ಪ ಸಾಮಾನ್ಯವಾಗಿ ೫೦,೦೦೦ದಿಂದ ೧,೦೦,೦೦೦ ನ್ಯಾನೋಮೀಟರುಗಳು. ಆದುದರಿಂದ ೨೦೦ ನ್ಯಾನೋಮೀಟರು ದಪ್ಪದ ಎಳೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟರೆ, ಒಂದು ಕೂದಲಿನ ಅಗಲವನ್ನು ತುಂಬಲು ೨೫೦ರಿಂದ ೫೦೦ ಎಳೆಗಳು ಬೇಕಾಗುವುವು. ಇಂಗ್ಲಿಷಿನವರು ಈ ಕ್ರಿಯೆಯನ್ನು 'ಎಲೆಕ್ಟ್ರೋಸ್ಪಿನ್ನಿಂಗ್' ಎನ್ನುತ್ತಾರೆ. ಕನ್ನಡದಲ್ಲಿ 'ವಿದ್ಯುನ್ನೂಲು' ಎಂದು ಕೂಡಿಸುವುದಕ್ಕೆ ಅರಿಸಮಾಸದ ಅಂಜಿಕೆಯಿರುವುದರಿಂದ ಇಲ್ಲಿ 'ವಿದ್ಯುತ್ತಿನ ನೂಲುವಿಕೆ' ಎಂದೇ ಬಿಡಿಸಿ ಬರೆಯಲಾಗಿದೆ.

ಭೌತವಿಜ್ಞಾನದ ಈ ವಿಷಯವು ಸಾಹಿತ್ಯಾಭ್ಯಾಸಿಗಳಿಗೆ ದೂರದ್ದೆಂದು ತೋರಬಹುದು. ಆದರೆ ಇಲ್ಲಿ ಎದುರಾಗುವ ಪ್ರಶ್ನೆಗಳು ಕರ್ತೃತ್ವದವು, ಕಾಲನಿರ್ಣಯದವು, ಪರಂಪರೆ ಕಡಿದುಹೋದುದಕ್ಕೆ ಕಾರಣವೇನೆಂಬವು; ಇವು ನಮಗೆ ಹೊಸವಲ್ಲ. ಈ ಕಲೆಯ ಬಗ್ಗೆ ಈಗ ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಇದು ೨೦ನೆಯ ಶತಮಾನದ ಕೊನೆಯಲ್ಲಿ ವಿಶ್ವವಿದ್ಯಾನಿಲಯಗಳಲ್ಲಿ ಹುಟ್ಟಿ ಅಲ್ಲಿಂದ ಕಾರ್ಖಾನೆಗಳಿಗೆ ಇಳಿಯಿತೆಂಬುದು ಒಂದು. ಜರ್ಮನಿಯ ಆಂಟನ್ ಫೋರ್ಮ್‌ಹಾಲ್ಸನು ೧೯೩೪ರಲ್ಲಿ ಇದನ್ನು ಕಂಡುಹಿಡಿದನೆಂಬುದು ಇನ್ನೊಂದು. ದೊರೆತಿರುವ ಆಧಾರಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ ಎರಡೂ ನಿಲ್ಲುವುದಿಲ್ಲ. ಕಾರ್ಖಾನೆ ಮೊದಲು, ವಿವರಣೆ ಆಮೇಲೆ ಎಂಬುದೇ ಇಲ್ಲಿಯ ವಾಸ್ತವ ಕ್ರಮ.

ಮೂಲವನ್ನು ಹುಡುಕುತ್ತ ಹೋದರೆ ೧೬೦೦ರಲ್ಲಿ ಪ್ರಕಟವಾದ ವಿಲಿಯಂ ಗಿಲ್ಬರ್ಟನ 'ಡಿ ಮ್ಯಾಗ್ನೆಟೆ' ಎಂಬ ಗ್ರಂಥದವರೆಗೆ ತಲಪಬಹುದು. ಒಣಗಿದ ಮೈಯ ಮೇಲೆ ಕುಳಿತ ನೀರಿನ ಹನಿಯ ಬಳಿಗೆ ತಿಕ್ಕಿದ ಅಂಬರನ್ನು ತಂದರೆ ಹನಿಯು ಶಂಕುವಾಗಿ ಮೇಲೇಳುವುದನ್ನು ಆತನು ಕಂಡು ಬರೆದಿದ್ದಾನೆ. ಶಂಕು ಅಲ್ಲಿದೆ, ಎಳೆ ಇಲ್ಲ. ಎಳೆಯ ಸ್ಪಷ್ಟ ವರ್ಣನೆ ೧೮೮೭ರಲ್ಲಿ ಲಂಡನ್ನಿನ ಸಿ. ವಿ. ಬಾಯ್ಸನ ಲೇಖನದಲ್ಲಿ ಬರುತ್ತದೆ. ವಿದ್ಯುದ್ಯಂತ್ರಕ್ಕೆ ಸೇರಿಸಿದ ಒಂದು ಸಣ್ಣ ತಟ್ಟೆಯಲ್ಲಿ ಜೇನುಮೇಣ, ಅರಗು, ಕೊಲೋಡಿಯನ್ ಮೊದಲಾದ ಅಂಟುದ್ರವ್ಯಗಳನ್ನಿಟ್ಟರೆ ಅವು ತಟ್ಟೆಯ ಅಂಚಿನಿಂದ ಎಳೆಎಳೆಯಾಗಿ ಚಿಮ್ಮುವುವೆಂದು ಅವನು ಹೇಳುತ್ತಾನೆ. ಗಮನಿಸಬೇಕಾದ ಮಾತೆಂದರೆ, ಬಾಯ್ಸನು ಇದನ್ನು ತನ್ನ ಶೋಧನೆಯೆಂದು ಹೇಳಿಕೊಳ್ಳುವುದಿಲ್ಲ. ಹಳೆಯದಾಗಿ ಈಗ ಹೆಚ್ಚು ಜನರಿಗೆ ತಿಳಿಯದ ಪ್ರಯೋಗವೆಂದೇ ಕರೆಯುತ್ತಾನೆ. ೧೮೮೭ಕ್ಕಾಗಲೇ ಇದು ಮರೆತುಹೋಗಿದ್ದ ವಿದ್ಯೆ! ಅವನಿಗೆ ಬೇಕಾಗಿದ್ದುದು ಸೂಕ್ಷ್ಮ ತಕ್ಕಡಿಗಳಿಗೆ ತಕ್ಕ, ತಿರುಚಿದರೆ ಮತ್ತೆ ಮೊದಲಿನ ನೆಲೆಗೆ ಬರುವ ಎಳೆ. ಅದಕ್ಕಾಗಿ ಅವನು ಕರಗಿದ ಕ್ವಾರ್ಟ್ಸನ್ನು ಬಾಣದ ಬಾಲಕ್ಕೆ ಕಟ್ಟಿ ಬಿಲ್ಲಿನಿಂದ ಹೊಡೆದು ಎಳೆ ತೆಗೆದನು. ಅಂತಹ ಎಳೆಯ ಸಹಾಯದಿಂದಲೇ ೧೮೯೫ರಲ್ಲಿ ಗುರುತ್ವಾಕರ್ಷಣದ ಸ್ಥಿರಾಂಕವನ್ನು ನಿರ್ಣಯಿಸಿದನು. ವಿದ್ಯುತ್ತಿನ ಎಳೆ ಅವನಿಗೆ ಉಪಯೋಗಕ್ಕೆ ಬಾರದೆ ಅಲ್ಲಿಯೇ ಉಳಿಯಿತು.

ಅದನ್ನು ಕೈಗೆತ್ತಿಕೊಂಡವರು ವಿದ್ವಾಂಸರಲ್ಲ, ಹಣಗಳಿಸುವ ಆಸೆಯುಳ್ಳವರು. ೧೮೮೯ರ ಪ್ಯಾರಿಸ್ ಪ್ರದರ್ಶನದಲ್ಲಿ ಷಾರ್ದೊನೆಯ ಕೃತಕ ರೇಷ್ಮೆ ಜನರ ಕಣ್ಣು ಸೆಳೆದ ಮೇಲೆ, ಹುಳುವಿಲ್ಲದೆ ರೇಷ್ಮೆ ತೆಗೆಯುವ ಹಂಬಲ ಪಶ್ಚಿಮದಲ್ಲಿ ಹಬ್ಬಿತ್ತು. ಜಾನ್ ಫ್ರಾನ್ಸಿಸ್ ಕೂಲಿ ಎಂಬುವನು ೧೯೦೦ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ೧೯೦೨ರ ಫೆಬ್ರವರಿಯಲ್ಲಿ ಅವನಿಗೆ ಅಮೆರಿಕದ ಪೇಟೆಂಟೂ ದೊರೆಯಿತು. ಅದೇ ವರ್ಷ ಜುಲೈಯಲ್ಲಿ ನ್ಯೂಯಾರ್ಕಿನ ವೈದ್ಯ ವಿಲಿಯಂ ಜೇಮ್ಸ್ ಮಾರ್ಟನನಿಗೂ ಇಂತಹುದೇ ಪೇಟೆಂಟು ಸಿಕ್ಕಿತು. ಈ ಮಾರ್ಟನನು ಈಥರಿನ ಅರಿವಳಿಕೆಗೆ ಹೆಸರಾದ ಮಾರ್ಟನನ ಮಗ. ಕಾದಂಬರಿಕಾರ ನಥಾನಿಯಲ್ ಹಾಥಾರ್ನನ ಮಗ ಜೂಲಿಯನ್ ಹಾಥಾರ್ನನೊಡನೆ ಗಣಿಯ ಷೇರುಗಳನ್ನು ಮಾರಿದ ಮೋಸದ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದು ೧೯೧೩ರಲ್ಲಿ ಸೆರೆಮನೆ ಸೇರಿದುದೂ ಇವನೇ. ಸಾಹಿತ್ಯಚರಿತ್ರೆಯವರಿಗೆ ಈ ವಿವರ ಬೇಕಾಗಬಹುದು.

ಪೇಟೆಂಟುಗಳನ್ನು ನಾವು ಶಾಸನಗಳನ್ನು ಓದುವಂತೆ ಓದಬೇಕು. ದತ್ತಿಶಾಸನವು ಭೂಮಿಯ ಎಲ್ಲೆಕಟ್ಟುಗಳನ್ನು ಹೇಳುತ್ತದೆಯೇ ಹೊರತು ಆ ಭೂಮಿಯಲ್ಲಿ ಏನು ಬೆಳೆಯಿತೆಂಬುದನ್ನು ಹೇಳುವುದಿಲ್ಲ. ಪೇಟೆಂಟೂ ಹಾಗೆಯೇ, ಇದಿಷ್ಟು ನನ್ನದೆಂದು ಸಾಧಿಸುತ್ತದೆ, ಮಾಡಿ ಮಾರಿದುದರ ಲೆಕ್ಕವನ್ನು ಕೊಡುವುದಿಲ್ಲ. ಫೋರ್ಮ್‌ಹಾಲ್ಸನನ್ನು ಆದಿಪುರುಷನೆನ್ನುವವರು ಶಾಸನದ ತಾರೀಖನ್ನೇ ಊರಿನ ಹುಟ್ಟಿದ ತಾರೀಖೆಂದು ಎಣಿಸಿದಂತಾಗಿದೆ. ೧೯೩೪ರಿಂದ ಮುಂದೆ ಸುಮಾರು ಹತ್ತು ವರ್ಷಗಳಲ್ಲಿ ಅವನು ಒಂದರ ಮೇಲೊಂದು ಪೇಟೆಂಟುಗಳನ್ನು ಪಡೆದನೆಂಬುದು ನಿಜ. ಸೆಲ್ಯುಲೋಸ್ ಅಸಿಟೇಟಿನ ಎಳೆಗಳನ್ನು ತಿರುಗುವ ಚಕ್ರದ ಮೇಲೆ ಹಿಡಿದು, ಸಾಲಾಗಿ ಜೋಡಿಸಿ, ನೇಯುವುದಕ್ಕೆ ಯೋಗ್ಯವಾದ ನೂಲನ್ನಾಗಿ ಮಾಡುವುದು ಅವನ ಗುರಿ. ಎಳೆ ಪೂರಾ ಆರುವುದಕ್ಕೆ ಮೊದಲೇ ಚಕ್ರವನ್ನು ಮುಟ್ಟಿ ಅಂಟಿಕೊಳ್ಳುತ್ತಿದ್ದುದರಿಂದ ಮುಂದಿನ ಪೇಟೆಂಟಿನಲ್ಲಿ ದೂರವನ್ನು ಹೆಚ್ಚಿಸಬೇಕಾಯಿತು. ಕೂಲಿ, ಮಾರ್ಟನ್, ಫೋರ್ಮ್‌ಹಾಲ್ಸ್ ಎಲ್ಲರೂ ಬಯಸಿದುದು ರೇಷ್ಮೆಯನ್ನು. ವಿದ್ಯುತ್ತು ಕೊಟ್ಟುದಾದರೋ ದಿಕ್ಕುದೆಸೆಯಿಲ್ಲದೆ ಹೆಣೆದುಕೊಂಡ, ಜೇಡರಬಲೆಯಂತಹ ಹಾಸು. ಬಯಕೆಗೂ ಫಲಕ್ಕೂ ಇದ್ದ ಈ ವಿರೋಧವೇ ಅವರು ಮಾರುಕಟ್ಟೆಯಲ್ಲಿ ಸೋಲುವುದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಅಷ್ಟರಲ್ಲಿ ವಿಸ್ಕೋಸ್ ರೇಷ್ಮೆ ಅಗ್ಗವಾಗಿ ಬಂದು ಆ ಸ್ಥಾನವನ್ನು ಹಿಡಿಯಿತು.

ಹಾಸೇ ಬೇಕಾಗಿದ್ದ ಒಂದು ಪ್ರಯೋಜನವು ಬೇರೊಂದು ದೇಶದಲ್ಲಿ ಕಂಡುಬಂದಿತು. ಮಾಸ್ಕೋವಿನ ಕಾರ್ಪೋವ್ ಭೌತರಸಾಯನ ಸಂಸ್ಥೆಯಲ್ಲಿ ಹೊಗೆ, ಮಂಜು, ಧೂಳುಗಳನ್ನು ಅಭ್ಯಾಸಮಾಡುವ ಒಂದು ಪ್ರಯೋಗಶಾಲೆಯಿತ್ತು. ಅದನ್ನು ಕಟ್ಟಿದ ನಿಕೊಲಾಯ್ ಫುಕ್ಸನು ೧೯೩೭ರಲ್ಲಿ ಸರಕಾರದ ಬಂಧನಕ್ಕೊಳಗಾದನು. ಅದರ ಮರುವರ್ಷ, ೧೯೩೮ರಲ್ಲಿ, ಅಲ್ಲಿಯೇ ಕೆಲಸಮಾಡುತ್ತಿದ್ದ ರೋಜ಼ೆನ್‌ಬ್ಲೂಮ್ ಮತ್ತು ಪೆತ್ರ್ಯಾನೋವ್ ಎಂಬುವರು ಅಸಿಟೋನಿನಲ್ಲಿ ಕರಗಿಸಿದ ನೈಟ್ರೋಸೆಲ್ಯುಲೋಸನ್ನು ವಿದ್ಯುತ್ತಿನಿಂದ ಸಮಗಾತ್ರದ ಹನಿಗಳಾಗಿ ಸಿಡಿಸಲು ಯತ್ನಿಸುತ್ತಿದ್ದರು. ಹನಿಗಳಿಗೆ ಬದಲಾಗಿ ಎಳೆಗಳು ಬಂದುವು. ಹನಿ ಬೇಕಾದವನಿಗೆ ಎಳೆ ಉಪದ್ರವ. ಆದರೆ ಧೂಳನ್ನು ಹಿಡಿಯುವುದೇ ಈ ಶಾಲೆಯವರ ಕಸುಬಾಗಿದ್ದುದರಿಂದ, ಆ ಎಳೆಗಳ ಹಾಸಿನ ಮೂಲಕ ಗಾಳಿಯನ್ನು ಹಾಯಿಸಿ ನೋಡುವ ಬುದ್ಧಿ ಅವರಿಗೆ ಸಹಜವಾಗಿ ಬಂದಿರಬೇಕು.

ಫಲವು ಬೆರಗುಗೊಳಿಸುವಂತಹುದು. ದಪ್ಪ ಎಳೆಯ ಬಟ್ಟೆಯಿಂದ ಹೊಗೆಯನ್ನು ಸೋಸಬೇಕಾದರೆ ಪದರದ ಮೇಲೆ ಪದರವನ್ನು ಒತ್ತಬೇಕು, ಆಗ ಉಸಿರಾಡುವುದು ಕಷ್ಟ. ತೆಳ್ಳನೆಯ ಎಳೆಗಳಾದರೆ ಅಲ್ಪ ತೂಕದಲ್ಲಿಯೇ ಬಹಳ ಮೈಯನ್ನು ಒಡ್ಡುತ್ತವೆ, ಗಾಳಿಯನ್ನು ಅಷ್ಟಾಗಿ ತಡೆಯುವುದಿಲ್ಲ. ನೂಲುವಾಗ ಎಳೆಯಲ್ಲಿ ಉಳಿದ ವಿದ್ಯುದಾವೇಶವೂ ಕಣಗಳನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ಫೋರ್ಮ್‌ಹಾಲ್ಸನಿಗೆ ದೋಷವಾಗಿದ್ದ ಅಸ್ತವ್ಯಸ್ತತೆ ಇಲ್ಲಿ ಗುಣವಾಯಿತು. ೧೯೩೯ರಲ್ಲಿಯೇ, ಆಗ ಕಲೀನಿನ್ ಎಂಬ ಹೆಸರಿದ್ದ ತ್ವೇರ್ ನಗರದಲ್ಲಿ, ವಿಷವಾಯುವಿನ ಮುಖಕವಚಗಳಿಗೆ ಹೊಗೆಯನ್ನು ಸೋಸುವ ಹಾಸನ್ನು ತಯಾರಿಸುವ ಕಾರ್ಖಾನೆ ಆರಂಭವಾಯಿತು. ಶೋಧನೆಯಿಂದ ಕಾರ್ಖಾನೆಗೆ ಒಂದು ವರ್ಷ! ೧೯೪೧ರಲ್ಲಿ ಪೆತ್ರ್ಯಾನೋವನಿಗೆ ಸ್ತಾಲಿನ್ ಬಹುಮಾನ ಸಂದಿತು. ಆ ಪ್ರಯೋಗಶಾಲೆಯನ್ನು ಕಟ್ಟಿದವನು ಆಗ ಸೆರೆಯಲ್ಲಿದ್ದನು.

ಯುದ್ಧಾನಂತರ ಪರಮಾಣುಕಾರ್ಖಾನೆಗಳಲ್ಲಿ ವಿಕಿರಣಧೂಳನ್ನು ತಡೆಯುವುದಕ್ಕೆ ಇದೇ ಹಾಸು ಬೇಕಾಯಿತು. ೧೯೫೬ರಲ್ಲಿ ಅದರಿಂದ 'ಲೆಪೆಸ್ತೋಕ್', ಎಂದರೆ ಹೂವಿನ ಎಸಳು, ಎಂಬ ಹಗುರವಾದ ಮುಖವಸ್ತ್ರವನ್ನು ರಚಿಸಿದರು. ೧೯೮೬ರಲ್ಲಿ ಚೆರ್ನೋಬಿಲ್ ದುರಂತವಾದಾಗ ಅಲ್ಲಿ ದುಡಿದವರ ಮೂಗುಬಾಯಿಗಳನ್ನು ಮುಚ್ಚಿದ ಬಿಳಿಯ ಎಸಳು ಇದೇ. ಇಷ್ಟೆಲ್ಲ ನಡೆದಿದ್ದರೂ ಪಶ್ಚಿಮದ ವಿಶ್ವವಿದ್ಯಾನಿಲಯಗಳಿಗೆ ಇದರ ಸುದ್ದಿ ಬಹುಮಟ್ಟಿಗೆ ತಲಪಿರಲಿಲ್ಲ. ಯುದ್ಧಸಾಮಗ್ರಿಯ ರಹಸ್ಯವನ್ನು ಪತ್ರಿಕೆಯಲ್ಲಿ ಅಚ್ಚುಹಾಕಿಸುವವರಾರು?

ವಿವರಣೆಯ ಕಡೆಯೂ ಬೇರೆಬೇರೆ ಕಾಲದಲ್ಲಿ ಬಿಡಿಬಿಡಿ ಕೆಲಸಗಳಾಗಿದ್ದುವು. ಮಿನೆಸೋಟದ ಜಾನ್ ಜ಼ೆಲೆನಿ ೧೯೧೪ರಲ್ಲಿ ವಿದ್ಯುದಾವಿಷ್ಟವಾದ ಹನಿಗಳ ಮೊನೆಗಳನ್ನು ಅಳೆದಿದ್ದನು. ಪೂರ್ಣ ಗಣಿತ ಬಂದುದು ೧೯೬೪ರಲ್ಲಿ, ಕೇಂಬ್ರಿಡ್ಜಿನ ಸರ್ ಜೆಫ್ರಿ ಟೇಲರನಿಂದ. ದ್ರವದ ಮೇಲ್ಮೈಯ ಬಿಗಿತವೂ ವಿದ್ಯುತ್ತಿನ ಸೆಳೆತವೂ ಸಮನಾಗುವಾಗ ಶಂಕುವಿನ ಅರ್ಧಕೋನವು ೪೯.೩ ಅಂಶಗಳಾಗಬೇಕೆಂದು ಅವನು ಸಿದ್ಧಪಡಿಸಿದನು. ಆಗ ಅವನಿಗೆ ಎಪ್ಪತ್ತೆಂಟು ವರ್ಷ, ಪ್ರಾಧ್ಯಾಪಕ ಪದವಿಯಿಂದ ನಿವೃತ್ತನಾಗಿ ಹನ್ನೆರಡು ವರ್ಷ ಕಳೆದಿದ್ದುವು. ಗಿಲ್ಬರ್ಟನ ಶಂಕುವಿಗೆ 'ಟೇಲರ್ ಶಂಕು' ಎಂದು ಹೆಸರಾದುದು ಹೀಗೆ. ತ್ವೇರಿನ ಕಾರ್ಖಾನೆ ಆ ವೇಳೆಗೆ ಕಾಲು ಶತಮಾನ ಹಳೆಯದು.

ಎಳೆಯನ್ನು ಚೆನ್ನಾಗಿ ನೋಡುವ ಕಣ್ಣೂ ಅಲ್ಲಿಯವರೆಗೆ ಇರಲಿಲ್ಲ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು ೨೦೦ ನ್ಯಾನೋಮೀಟರಿಗಿಂತ ಕಿರಿದಾದುದು ಸ್ಪಷ್ಟವಾಗಿ ಕಾಣದು. ಮೇಲ್ಮೈಯನ್ನು ಎಲೆಕ್ಟ್ರಾನುಗಳಿಂದ ತಡವಿ ತೋರಿಸುವ ಸೂಕ್ಷ್ಮದರ್ಶಕವು ಮಾರಾಟಕ್ಕೆ ಬಂದುದು ೧೯೬೫ರಲ್ಲಿ. ೧೯೭೧ರಲ್ಲಿ ಡ್ಯೂಪಾಂಟ್ ಕಂಪೆನಿಯ ಬಾಮ್‌ಗಾರ್ಟನನು ೫೦ರಿಂದ ೧,೧೦೦ ನ್ಯಾನೋಮೀಟರು ದಪ್ಪದ ಅಕ್ರಿಲಿಕ್ ಎಳೆಗಳ ಅಳತೆಯನ್ನು ಪ್ರಕಟಿಸಿದನು. ಅಮೆರಿಕದ ಡೊನಾಲ್ಡ್‌ಸನ್ ಕಂಪೆನಿ ೧೯೮೦ರ ದಶಕದ ಆದಿಯಲ್ಲಿಯೇ ಇಂತಹ ಎಳೆಗಳ ಗಾಳಿಸೋಸುಕಗಳನ್ನು ಮಾರತೊಡಗಿತ್ತು; ಆದರೆ ಆಗ ಅವಕ್ಕೆ ನ್ಯಾನೋ ಎಂಬ ಬಿರುದು ಇರಲಿಲ್ಲ, ಪಂಡಿತವರ್ಗದಲ್ಲಿ ಚರ್ಚೆಯೂ ಇರಲಿಲ್ಲ.

ಈ ಹಿನ್ನೆಲೆಯಲ್ಲಿ ಒಹಾಯೊ ಸಂಸ್ಥಾನದ ಆಕ್ರನ್ ವಿಶ್ವವಿದ್ಯಾನಿಲಯದ ಕೆಲಸವನ್ನು ತೂಗಬೇಕು. ಆಕ್ರನ್ ರಬ್ಬರಿನ ಪಟ್ಟಣ. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್ ಕಂಪೆನಿಗಳು ಬೆಳೆದ ಊರು. ಟೈರಿನ ಉದ್ಯಮ ಅಲ್ಲಿ ಇಳಿಮುಖವಾದ ಮೇಲೂ ಪಾಲಿಮರುಗಳ ವ್ಯಾಸಂಗ ಉಳಿದು ಬೆಳೆಯಿತು. ಡ್ಯಾರೆಲ್ ರೆನೆಕರನೂ ಅವನ ಶಿಷ್ಯ ಜಯೇಶ್ ದೋಷಿಯೂ ೧೯೯೫ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ನೀರಿನಲ್ಲಿ ಕರಗುವ ಒಂದು ಸಾಮಾನ್ಯ ಪಾಲಿಮರಿನಿಂದ ೫೦ರಿಂದ ೫,೦೦೦ ನ್ಯಾನೋಮೀಟರಿನವರೆಗಿನ ಎಳೆಗಳನ್ನು ತೆಗೆಯುವ ವಿಧಾನ ಮುಚ್ಚುಮರೆಯಿಲ್ಲದೆ ವಿವರಿಸಲ್ಪಟ್ಟಿದೆ. ಒಂದು ಸೂಜಿ, ಒಂದು ವಿದ್ಯುದಾಕರ, ಒಂದು ತಗಡು ಇದ್ದರೆ ಯಾವ ಕಾಲೇಜಿನಲ್ಲಾದರೂ ಮಾಡಿನೋಡಬಹುದಾದ ಪ್ರಯೋಗ. ಎಲೆಕ್ಟ್ರೋಸ್ಪಿನ್ನಿಂಗ್ ಎಂಬ ಅಡಕವಾದ ಹೆಸರು ಎಲ್ಲೆಡೆಯೂ ನೆಲೆಗೊಂಡುದು ಈ ಲೇಖನದ ತರುವಾಯ. ಮುಂದೆ ದೋಷಿ ತಾನೇ ಚಟ್ಟನೂಗದಲ್ಲಿ ಇಂತಹ ಎಳೆಗಳನ್ನು ತಯಾರಿಸುವ ಕಂಪೆನಿಯನ್ನು ಸ್ಥಾಪಿಸಿದನು. ಆಕ್ರನ್ನಿನವರು ಶೋಧಕರಲ್ಲ, ಆದರೆ ಪೇಟೆಂಟಿನ ಎಲ್ಲೆಯೊಳಗೂ ಸೇನೆಯ ಬೀಗದೊಳಗೂ ಇದ್ದ ವಿದ್ಯೆಯನ್ನು ಎಲ್ಲರ ಪಾಠವಾಗಿ ಮಾಡಿದರು. ಈ ಕೀರ್ತಿ ಸಣ್ಣದೆಂದು ಯಾರೂ ಎಣಿಸಬೇಕಾಗಿಲ್ಲ.

ಅವರದೇ ಆದ ಒಂದು ಶೋಧನೆಯೂ ಉಂಟು. ಸೂಜಿಯಿಂದ ಹೊರಟ ಧಾರೆ ಸ್ವಲ್ಪ ದೂರ ನೆಟ್ಟಗೆ ಸಾಗಿ, ಬಳಿಕ ಬಿಚ್ಚಿದ ಕುಂಚದಂತೆ ನೂರಾರು ಎಳೆಗಳಾಗಿ ಸೀಳುವ ಹಾಗೆ ಬರಿಯ ಕಣ್ಣಿಗೆ ತೋರುತ್ತದೆ. ಅತಿವೇಗದ ಚಿತ್ರಗಳನ್ನು ತೆಗೆದು ರೆನೆಕರ್, ಯಾರಿನ್ ಮೊದಲಾದವರು ೨೦೦೦ದಲ್ಲಿ ತೋರಿಸಿದುದೇನೆಂದರೆ, ಧಾರೆ ಒಂದೇ. ಅದು ಚಾಟಿಯಂತೆ ಸುರುಳಿಸುರುಳಿಯಾಗಿ ಬಳುಕುತ್ತ ಹಿಗ್ಗುತ್ತದೆ. ಅದರ ಮೈಮೇಲಿನ ಆವೇಶದ ಭಾಗಗಳು ಒಂದನ್ನೊಂದು ದೂಡುವುದರಿಂದ ಈ ಬಳುಕು ಹುಟ್ಟುತ್ತದೆ. ಕೆಲವೇ ಅಂಗುಲಗಳ ಎಡೆಯಲ್ಲಿ ಎಳೆ ಅಷ್ಟು ಸಣ್ಣಗಾಗುವ ಗುಟ್ಟು ಅಲ್ಲಿದೆ.

ಇನ್ನು ಉದ್ಯಮದ ತೊಡಕು. ಒಂದು ಸೂಜಿಯಿಂದ ಗಂಟೆಗೆ ಒಂದು ಮಿಲಿಲೀಟರು ದ್ರಾವಣ ಇಳಿಯುವುದೆಂದೂ ಅದರಲ್ಲಿ ನೂರಕ್ಕೆ ಹತ್ತು ಪಾಲು ಪಾಲಿಮರ್ ಇದೆಯೆಂದೂ ಇಟ್ಟುಕೊಂಡರೆ, ಗಂಟೆಗೆ ದೊರೆಯುವುದು ಗ್ರಾಮಿನ ಹತ್ತನೆಯ ಒಂದು ಪಾಲು ಮಾತ್ರ. ಈ ಲೆಕ್ಕದಲ್ಲಿ ಅಂಗಡಿ ನಡೆಯದು. ಬೊಹೀಮಿಯದ ಹಳೆಯ ನೇಯ್ಗೆಯ ಊರಾದ ಲಿಬೆರೆಟ್ಸಿನ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಓಲ್ಡ್ರಿಖ್ ಯಿರ್ಸಾಕನೂ ಅವನ ಸಂಗಡಿಗರೂ ಸೂಜಿಯನ್ನೇ ಬಿಟ್ಟರು. ದ್ರಾವಣದಲ್ಲಿ ಅರ್ಧ ಮುಳುಗಿ ತಿರುಗುವ ಉರುಳೆಯ ಮೈಯಿಂದ ಸಾಲುಸಾಲಾಗಿ ಶಂಕುಗಳೇಳುವ ಉಪಾಯವನ್ನು ರಚಿಸಿ ೨೦೦೩ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಎಲ್ಮಾರ್ಕೋ ಎಂಬ ಕಂಪೆನಿ ಅದನ್ನು 'ನ್ಯಾನೋಸ್ಪೈಡರ್' ಎಂಬ ಯಂತ್ರವಾಗಿ ಮಾರಿತು. ಜೇಡವು ಎಳೆಯನ್ನು ಕಾಲಿನಿಂದ ಸೆಳೆಯುತ್ತದೆ, ಈ ಯಂತ್ರ ಸೆಳೆಯುವುದಿಲ್ಲ. ಹೆಸರಿಟ್ಟವರು ಬಲೆಯನ್ನು ನೋಡಿದರೇ ಹೊರತು ಜೇಡವನ್ನು ನೋಡಲಿಲ್ಲವೆಂದು ತೋರುತ್ತದೆ. ಉಪಾಯವು ಕಾರ್ಯತಃ ದೊಡ್ಡದು. ಹಾಗಿದ್ದರೂ ದ್ರಾವಣವನ್ನು ತಿರುಗುವ ಭಾಗದಿಂದ ಹಂಚುವ ಕಲ್ಪನೆಯೂ, ಒಂದರೊಳಗೊಂದು ನಳಿಗೆಯಿಟ್ಟು ಎರಡು ದ್ರವಗಳನ್ನು ಹಾಯಿಸುವ ಕಲ್ಪನೆಯೂ ಶತಮಾನದ ಹಿಂದಿನ ಕೂಲಿಯ ಪೇಟೆಂಟುಗಳಲ್ಲಿಯೇ ಇವೆ.

ಮಾಸ್ಕೋವಿನ ಪರಂಪರೆಗೆ ಸೇರಿದ ಫಿಲಾತೋವ್, ಬುದಿಕಾ, ಕಿರಿಚೆಂಕೊ ಎಂಬುವರು ತಮ್ಮ ಶಾಲೆಯ ಕೆಲಸವನ್ನೆಲ್ಲ ಒಂದುಗೂಡಿಸಿದ ಇಂಗ್ಲಿಷ್ ಗ್ರಂಥವು ೨೦೦೭ರಲ್ಲಿ ಹೊರಬಂದಿತು. ಆ ವೇಳೆಗೆ ಆಕ್ರನ್ನಿನ ಲೇಖನ ಪ್ರಕಟವಾಗಿ ಹನ್ನೆರಡು ವರ್ಷಗಳಾಗಿದ್ದುವು, ತ್ವೇರಿನಲ್ಲಿ ಮೊದಲ ಹಾಸು ಇಳಿದು ಅರುವತ್ತೆಂಟು.