ಆಫೀಸೇ ಇಲ್ಲದ ಆರ್ಕಿಟೆಕ್ಟ್

ತಿರುವನಂತಪುರದ ತಂಪಾನೂರು ಬಸ್ ನಿಲ್ದಾಣದ ಹತ್ತಿರ ದುಂಡನೆಯ ಇಟ್ಟಿಗೆ ಕಟ್ಟಡವೊಂದಿದೆ, ಇಂಡಿಯನ್ ಕಾಫಿ ಹೌಸ್. ಆ ಕಡೆ ಹೋದ ಕನ್ನಡಿಗರು ನೋಡಿಯೇ ಇರುತ್ತೀರಿ. ಒಳಗೆ ಬೇರೆ ಬೇರೆ ಮಹಡಿಗಳಿಲ್ಲ. ಸುತ್ತುತ್ತಾ ಮೇಲೇರುವ ಒಂದೇ ಇಳಿಜಾರು, ಅದರ ಉದ್ದಕ್ಕೂ ಗಾರೆಯಲ್ಲೇ ಕಟ್ಟಿದ ಮೇಜು, ಕಟ್ಟೆ. ಕಾಫಿ ಕುಡಿದು ಎದ್ದುಬರುವ ಎಷ್ಟೋ ಜನಕ್ಕೆ ಇದರ ಹಿಂದಿದ್ದವರು ಯಾರು ಅಂತ ಗೊತ್ತಿರುವುದಿಲ್ಲ.

ಅವರು ಲಾರಿ ಬೇಕರ್. 1917ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳ ಕೆಲಸಕ್ಕೆ ಭಾರತಕ್ಕೆ ಬಂದವರು. ಪಿಥೋರಗಢದಲ್ಲಿ ವರ್ಷಗಟ್ಟಲೆ ಇದ್ದು, ಕೊನೆಗೆ ಪತ್ನಿ ಡಾ. ಎಲಿಜಬೆತ್ ಅವರ ನಾಡಾದ ಕೇರಳದಲ್ಲಿ ನೆಲೆಸಿದರು. ನಮ್ಮ ಹಾಗೆ ಅವರೂ ವಲಸಿಗರೇ ಅನ್ನಿ!

ಅವರಿಗೆ ದೊಡ್ಡ ಆಫೀಸಿರಲಿಲ್ಲ. ಹಳೆ ಲಕೋಟೆಯ ಬೆನ್ನಿಗೂ ನಕ್ಷೆ ಬರೆಯುತ್ತಿದ್ದರು, ಉಳಿದದ್ದನ್ನು ಜಾಗದಲ್ಲೇ ಮೇಸ್ತ್ರಿಗಳ ಜೊತೆ ನಿಂತು ತೀರ್ಮಾನಿಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಗಲ್ಫ್ ದುಡ್ಡು ಬಂದು ಊರೆಲ್ಲ ಕಾಂಕ್ರೀಟ್ ಮನೆ ಏಳುವಾಗ ಇವರು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿಸಿದರು. ಸುಮಾರು 25% ಇಟ್ಟಿಗೆ ಉಳಿತಾಯ, ಒಳಗೆ ತಂಪು. ಇದಕ್ಕೆ ‘ರ‍್ಯಾಟ್ ಟ್ರಾಪ್’ ಜೋಡಣೆ ಅಂತ ಹೆಸರು. ತಾರಸಿಯ ಕೆಳಭಾಗದಲ್ಲಿ, ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲದ ಕಡೆ, ಹಳೆ ಹಂಚು ತುಂಬಿಸಿದರು. ಯಾವ ಹಂಚು ಅಂತೀರಾ? ನಮ್ಮ ಮಂಗಳೂರು ಹಂಚು! 1865ರಲ್ಲಿ ಬಾಸೆಲ್ ಮಿಷನ್‌ನವರು ಕಾರ್ಖಾನೆ ತೆರೆದು ಶುರುಮಾಡಿದ್ದು.

ಉಳ್ಳೂರಿನ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ಅವರು ಗುಡ್ಡದ ಇಳಿಜಾರಿಗೆ, ಮರಗಳಿಗೆ ಹೊಂದಿಸಿಯೇ ಕಟ್ಟಿಸಿದರು. ನೆಲದ ಮಾತು ಕೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕೊಚ್ಚಿ ಕಡೆ ನೋಡಿ. ಅಲ್ಲಿನ ಮರಡಿನಲ್ಲಿ ಕರಾವಳಿ ನಿಯಮ ಮೀರಿ ಎದ್ದ ನಾಲ್ಕು ಅಪಾರ್ಟ್‌ಮೆಂಟ್ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಸ್ಫೋಟಿಸಿ ಕೆಡವಿದರು. ಮನೆ ಕಳೆದುಕೊಂಡವರು ಕೊಂಡವರೇ.

ಬೇಕರ್ 2007ರಲ್ಲಿ ತೀರಿಕೊಂಡರು. ಅವರ ಜೊತೆ ಅಚ್ಯುತ ಮೆನನ್, ಕೆ.ಎನ್. ರಾಜ್ ಮುಂತಾದವರು ಸೇರಿ 1985ರಲ್ಲಿ ಕಟ್ಟಿದ ಕಾಸ್ಟ್‌ಫೋರ್ಡ್ ಸಂಸ್ಥೆ ಅವರ ದಾರಿಯಲ್ಲೇ ನಡೆದಿದೆ. ಆದರೆ ಈ ವಿದ್ಯೆ ಇರುವುದು ನಕ್ಷೆಯಲ್ಲಲ್ಲ, ಮೇಸ್ತ್ರಿಯ ಕೈಯಲ್ಲಿ. ಈಗ ಕೇರಳದ ಕಟ್ಟಡಗಳಲ್ಲಿ ದುಡಿಯುವವರಲ್ಲಿ ಬಂಗಾಳ, ಅಸ್ಸಾಂ, ಒಡಿಶಾದಿಂದ ಬಂದವರು ಬಹಳ. ಚಿಕ್ಕ ಸ್ಟುಡಿಯೋ ಇಟ್ಟುಕೊಂಡು ಇದೇ ಕೆಲಸ ಮಾಡಬೇಕೆನ್ನುವವರು ಮೊದಲು ಅವರ ಪಕ್ಕ ನಿಂತು ಇಟ್ಟಿಗೆ ಜೋಡಿಸಿ ತೋರಿಸಬೇಕು. ಮಲಯಾಳ ಬಾರದವರಿಗೂ ಕೈಯ ಭಾಷೆ ಅರ್ಥವಾದೀತು. ತೋರಿಸುವಷ್ಟು ಪುರುಸೊತ್ತು ಈ ಊರುಗಳಲ್ಲಿ ಯಾರಿಗಿದೆ, ಹೇಳಿ?