ಯೆಜ್ಡಿ: ಕಾರ್ಖಾನೆ ಮುಚ್ಚಿದ ಮೇಲೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಮೋಟಾರ್ ಸೈಕಲ್‌ಗಳು ಹೊರಬರತೊಡಗಿದವು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ, ಇರಾನಿ ಮನೆತನದ ಬಂಡವಾಳ, ಜಯಚಾಮರಾಜ ಒಡೆಯರ ಬೆಂಬಲ ಇವು ಅದರ ಬುನಾದಿ. 1970ರ ದಶಕದಲ್ಲಿ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಮೈಲೇಜಿನ ಲೆಕ್ಕವನ್ನೇ ಬದಲಿಸಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು.

ಗಾಡಿಗಳು ಮಾತ್ರ ಉಳಿದವು. ಎರಡು ಸ್ಟ್ರೋಕಿನ ಈ 250 ಸಿಸಿ ಎಂಜಿನ್‌ನಲ್ಲಿ ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ಕಿಕ್ ಹೊಡೆಯುವ ಲಿವರನ್ನೇ ಮಡಚಿದರೆ ಗೇರ್ ಲಿವರ್. ಲೇತ್ ಇರುವ ಯಾವ ಊರಿನಲ್ಲೂ ಸಿಲಿಂಡರ್ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬಹುದು. ಅಮೆರಿಕದ ಹಳೆಯ ಮಸಲ್ ಕಾರುಗಳಿಗೆ ಕ್ಯಾಟಲಾಗ್ ನೋಡಿ ಹೊಸ ಬಿಡಿಭಾಗ ತರಿಸಿಕೊಳ್ಳಬಹುದು. ಯೆಜ್ಡಿಗೆ ಆ ಅನುಕೂಲ ಅಷ್ಟಾಗಿ ಇಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿ ಮತ್ತು ಜೆ.ಸಿ. ರಸ್ತೆಯ ಅಂಗಡಿಗಳನ್ನು ಅಲೆಯಬೇಕು. ಸೇಡಂ, ಚಿಂಚೋಳಿಯಂಥ ದೂರದ ತಾಲ್ಲೂಕಿನ ಮಾಲೀಕನಿಗೆ ಕೆಲವೊಮ್ಮೆ ಭಾಗದ ಬೆಲೆಗಿಂತ ಓಡಾಟವೇ ದುಬಾರಿ. 2018ರಲ್ಲಿ ಜಾವಾ ಹೆಸರು ಮರಳಿತಾದರೂ ಅದು ನೀರಿನಿಂದ ತಂಪಾಗುವ ನಾಲ್ಕು ಸ್ಟ್ರೋಕಿನ ಗಾಡಿ. ಅದರ ಎಂಜಿನ್ ಭಾಗ ಹಳೆಯದಕ್ಕೆ ಹೊಂದುವುದಿಲ್ಲ.

ಕೈಯಲ್ಲಿ ಹಣ ಕಡಿಮೆ ಇದ್ದಾಗ ಬಣ್ಣಕ್ಕಿಂತ ಮೊದಲು ಕ್ರ್ಯಾಂಕಿಗೆ ಖರ್ಚು ಮಾಡುವುದು ಲೇಸು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಕ್ರ್ಯಾಂಕಿನ ಎರಡೂ ಬದಿಯ ರಬ್ಬರ್ ಆಯಿಲ್ ಸೀಲ್‌ಗಳು ಗಟ್ಟಿಯಾಗಿರುತ್ತವೆ. ಕ್ಲಚ್ ಬದಿಯ ಸೀಲ್ ಹೋದರೆ ಎಂಜಿನ್ ಗೇರ್ ಬಾಕ್ಸಿನ ಆಯಿಲ್ ಎಳೆದುಕೊಂಡು ದಟ್ಟ ಹೊಗೆ ಉಗುಳುತ್ತದೆ. ಡೈನಮೋ ಬದಿಯದು ಹೋದರೆ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ; ಬಿಸಿಯೇರಿ ಪಿಸ್ಟನ್ ಸೀಜ್ ಆಗುತ್ತದೆ. ಹೊರಗೆ ಮಿರುಗುವ ಎಷ್ಟೋ ಗಾಡಿಗಳು ದಾರಿಯಲ್ಲಿ ನಿಲ್ಲುವುದು ಈ ಅಗ್ಗದ ರಬ್ಬರ್ ಬಳೆಗಳನ್ನು ಬದಲಿಸದೆ ಬಿಟ್ಟದ್ದಕ್ಕೆ. ಟ್ಯಾಂಕಿನ ಒಳಗಿನ ತುಕ್ಕು ತೆಗೆಯದಿದ್ದರೆ ಕಾರ್ಬ್ಯುರೇಟರ್ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ. ಕ್ರೋಮ್ ಲೇಪನ ದುಬಾರಿ ಕೆಲಸ, ಅದು ಕೊನೆಗೆ.

ಸುಧಾರಣೆಯಲ್ಲಿ ಹೆಚ್ಚು ಫಲ ಕೊಡುವುದು ವಿದ್ಯುತ್ ವ್ಯವಸ್ಥೆ. ಹಳೆಯ ಮಾದರಿಗಳಲ್ಲಿ ಇದ್ದುದು 6 ವೋಲ್ಟ್. ಗಾಡಿ ನಿಧಾನಿಸಿದರೆ ಹೆಡ್‌ಲೈಟೂ ಮಂಕು. 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿದರೆ ಬೆಳಕು ನೆಟ್ಟಗಾಗುತ್ತದೆ, ಪಾಯಿಂಟ್ ಉಜ್ಜಿ ಸರಿಪಡಿಸುವ ಕಾಟವೂ ತಪ್ಪುತ್ತದೆ. ಸವೆದ ಜಿಕೋವ್ ಕಾರ್ಬ್ಯುರೇಟರಿನ ಜಾಗದಲ್ಲಿ ಮಿಕುನಿ ಮಾದರಿಯದನ್ನು ಕೂರಿಸುವವರೂ ಇದ್ದಾರೆ. ಮೂಲಸ್ವರೂಪದ ಹಟವಾದಿಗಳಿಗೆ ಇವೆರಡೂ ಸಲ್ಲ. ದಿನವೂ ಓಡಿಸುವವನಿಗೆ ಮೊದಲನೆಯದಂತೂ ಬೇಕೇ ಬೇಕು.

ಕಾನೂನಿನ ಕಟ್ಟು ಬೇರೆ ಇದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು. 2021ರ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ, ಮೂಲಸ್ವರೂಪದಲ್ಲೇ ಉಳಿದ ಗಾಡಿಗಳಿಗೆ ಪ್ರತ್ಯೇಕ ನೋಂದಣಿ ಕೊಡುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ; ಪ್ರದರ್ಶನ, ರ‍್ಯಾಲಿ, ಇಂಧನ ಹಾಗೂ ದುರಸ್ತಿಯಂಥ ಉದ್ದೇಶಗಳಿಗಷ್ಟೇ ರಸ್ತೆಗಿಳಿಸಬಹುದು.