ಕಾಲಿಗೆ ಅಂಟದ ಚೆಂಡು

ಮೊಮ್ಮಗನ ಜೊತೆ ಟೀವಿ ಪರದೆಯ ಕಾಲ್ಚೆಂಡಾಟಕ್ಕೆ ಕುಳಿತ ಮೊದಲ ಸಂಜೆಯೇ ಏಳು ಗೋಲುಗಳಿಂದ ಸೋತೆ. “ತಾತ, ನೀವು ಚೆಂಡನ್ನು ಬಿಡುವುದೇ ಇಲ್ಲವಲ್ಲ!” ಎಂದು ಅವನು ನಕ್ಕ. ಆ ಮಾತಿನಲ್ಲಿ ಈ ಆಟದ ಚರಿತ್ರೆಯೇ ಅಡಗಿದೆಯೆಂಬುದು ನನಗೆ ಆಮೇಲೆ ತಿಳಿಯಿತು.

ಮೊದಮೊದಲಿನ ಇಂಥ ಆಟಗಳಲ್ಲಿ ಬಹುಪಾಲು ಚೆಂಡು ಆಟಗಾರನ ಕಾಲಿಗೆ ಅಂಟಿಕೊಂಡೇ ಬರುತ್ತಿತ್ತು. 1989ರಲ್ಲಿ ಡೀನೊ ಡೀನಿ ಎಂಬಾತ ರಚಿಸಿದ ‘ಕಿಕ್ ಆಫ್’ ಆ ಅಂಟನ್ನು ಬಿಡಿಸಿತು. ಓಡುವವನು ಥಟ್ಟನೆ ತಿರುಗಿದರೆ ಚೆಂಡು ತನ್ನ ಪಾಡಿಗೆ ಮುಂದಕ್ಕೆ ಉರುಳುತ್ತಿತ್ತು. 1992ರ ‘ಸೆನ್ಸಿಬಲ್ ಸಾಕರ್’ ಮೈದಾನವನ್ನು ಮಹಡಿಯ ಮೇಲಿಂದ ನೋಡಿದಂತೆ ತೋರಿಸಿತು. ದೂರದ ಜೊತೆಗಾರನೂ ಕಣ್ಣಿಗೆ ಬಿದ್ದ. 1993ರಲ್ಲಿ ಬಂದ ‘ಫಿಫಾ’ ಅದನ್ನು ಓರೆಯಾಗಿ ತೋರಿಸಿತು. ಆ ಮಾಲಿಕೆ 2023ರಲ್ಲಿ ಹಳೆಯ ಹೆಸರು ಬಿಟ್ಟು ‘ಇ.ಎ. ಸ್ಪೋರ್ಟ್ಸ್ ಎಫ್.ಸಿ.’ ಆಯಿತು.

ಹೆಸರು ಹೊಸದಾದರೂ ಪಾಠ ಹಳೆಯದೇ. ಹೊಸಬರು ಓಟದ ಗುಂಡಿಯನ್ನು ಸದಾ ಒತ್ತಿ ಹಿಡಿಯಬಾರದು. ವೇಗ ಹೆಚ್ಚಿದಷ್ಟೂ ಚೆಂಡು ಕಾಲಿನಿಂದ ದೂರ ಸರಿಯುತ್ತದೆ. ಎದುರಾಳಿ ಮೈಮೇಲೆ ಬರುವ ಮೊದಲೇ ಹತ್ತಿರದವನಿಗೆ ಚೆಂಡನ್ನು ದಾಟಿಸಬೇಕು. ಚೆಂಡು ಅವರ ಬಳಿ ಇದ್ದಾಗ ಅದರ ಮೇಲೆ ಬೀಳದೆ, ಎದುರಾಳಿಗೂ ನಮ್ಮ ಗೋಲಿಗೂ ನಡುವೆ ನಿಲ್ಲಬೇಕು. ಆರಂಭಕ್ಕೆ ಸುಲಭದ ಮಟ್ಟವೇ ಸಾಕು. ಅದರಲ್ಲಿ ನಾಚಿಕೆಯೇನೂ ಇಲ್ಲ.

ನಿನ್ನೆ ಎರಡೇ ಗೋಲುಗಳಿಂದ ಸೋತೆ. ಬರುವ ತಿಂಗಳು ಮೊಮ್ಮಗ ಕಾಲೇಜಿಗೆಂದು ಪರವೂರಿಗೆ ಹೊರಡುತ್ತಾನೆ. ಚೆಂಡನ್ನು ಬಿಡುವುದನ್ನೇನೋ ಕಲಿತೆ. ಅವನನ್ನು ಕಳುಹಿಸಿಕೊಡುವುದನ್ನು ಇನ್ನು ಕಲಿಯಬೇಕು.